ಅಗಿಯಬೇಕಾದ ಯಾವುದನ್ನೂ ಕೊಡಬೇಡಿ

ಮಾತಿನ ಚಿಕಿತ್ಸೆಯ ಸ್ನಾತಕೋತ್ತರ ಕೋರ್ಸಿಗೆ ನಾನು ಮೂರು ಸಲ ಅರ್ಜಿ ಹಾಕಿದೆ. ಮೊದಲ ವರ್ಷ ಕಾಯುವ ಪಟ್ಟಿಯಲ್ಲಿ ನನಗಿಂತ ಒಂದು ಮೇಲಿನ ಹೆಸರಿನ ತನಕ ಬಂದ ಸೀಟು ಅಲ್ಲಿಗೇ ನಿಂತಿತು. ಎರಡನೆಯ ವರ್ಷ ಆದಾಯ ಪ್ರಮಾಣಪತ್ರದ ಅವಧಿ ಮುಗಿದುಹೋಗಿತ್ತು. ಹೊಸದಕ್ಕಾಗಿ ನಾಲ್ಕು ದಿನ ತಾಲ್ಲೂಕು ಕಚೇರಿಯ ಬಾಗಿಲು ಕಾದೆ. ಐದನೆಯ ದಿನ ಪತ್ರ ಕೈಗೆ ಬಂದಾಗ ಅರ್ಜಿಯ ಗಡುವು ಹಿಂದಿನ ಸಂಜೆಗೇ ಮುಗಿದಿತ್ತು. ಆ ಎರಡೂ ವರ್ಷ ಹಾಸನದ ಒಂದು ಕ್ಲಿನಿಕ್ಕಿನಲ್ಲಿ ಮುದುಕರ ಕಿವಿಗೆ ಮಿಷನ್ ಹಾಕುತ್ತ, ಬ್ಯಾಟರಿ ಬದಲಿಸುತ್ತ ಕಳೆದೆ. ದಿನವೂ ಚನ್ನರಾಯಪಟ್ಟಣದಿಂದ ಬಸ್ಸು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು.

"ಮಾತು ಕಲ್ಸಕ್ಕೆ ಇನ್ನೆಷ್ಟು ಓದೀಯೇ? ನಿಂಗೆ ಮಾತು ಕಲ್ಸಿದ್ದು ನಾನು. ನಾನ್ಯಾವ ಡಿಗ್ರಿ ಮಾಡಿದ್ದೆ?" ಎಂದು ಅಮ್ಮ ಕೇಳಿದ್ದಳು.

"ಮಾತು ಒಂದೇ ಅಲ್ಲಮ್ಮ. ಪಾರ್ಶ್ವವಾಯು ಹೊಡೆದೋರಿಗೆ ನುಂಗೋಕೂ ಆಗಲ್ಲ. ಅದನ್ನೂ ನಾವೇ ನೋಡ್ಬೇಕು."

"ನುಂಗೋದನ್ನೂ ಕಲ್ಸ್ತೀರಾ! ಸರಿ ಬುಡು. ಅದನ್ನೂ ನಿಂಗೆ ನಾನೇ ಕಲ್ಸಿದ್ದು."

ನಾನು ನಕ್ಕುಬಿಟ್ಟೆ. ಆ ಮಾತನ್ನು ಆಗಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೇನೋ.

ಮೂರನೆಯ ಸಲದ ಅರ್ಜಿಯಲ್ಲಿ ಈ ಕೋರ್ಸು ಏಕೆ ಬೇಕು ಎಂಬುದಕ್ಕೆ ಒಂದು ಪುಟ ಬರೆಯಬೇಕಿತ್ತು. 'ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಆಸೆ. ಅಲ್ಲಿಯ ಜನರ ಮಾತು, ಊಟ, ನಡೆನುಡಿ ಎಲ್ಲವೂ ನನಗೆ ಗೊತ್ತು' ಎಂದು ಬರೆದೆ. ಸಂದರ್ಶನದಲ್ಲಿ ಒಬ್ಬರು ಆ ಸಾಲನ್ನು ಗಟ್ಟಿಯಾಗಿ ಓದಿ ತಲೆದೂಗಿದರು. ಸೀಟು ಸಿಕ್ಕಿತು.

ಎರಡನೆಯ ವರ್ಷದಲ್ಲಿ ಕೆಲವು ತಿಂಗಳು ಊರ ಕಡೆಯೇ ಕೆಲಸ ಮಾಡುವ ಅವಕಾಶವಿತ್ತು. ಹೊಳೆನರಸೀಪುರದಲ್ಲಿ ಒಂದು ಕೋಣೆ ಹಿಡಿದು ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ಹೋಗಿಬರುತ್ತಿದ್ದೆ. ರೋಗಿಗಳನ್ನು ನೋಡಬೇಕಾದ ಗಂಟೆಗಳ ಲೆಕ್ಕ ತುಂಬಿಸುವುದರ ಜೊತೆಗೆ ನುಂಗುವ ತೊಂದರೆಯ ಒಬ್ಬ ರೋಗಿಯ ಪೂರ್ತಿ ವರದಿ ಬರೆಯಬೇಕಿತ್ತು. ಅದಕ್ಕೆ ಗೈಡ್ ಮೇಡಂ ಸಹಿ ಹಾಕದೆ ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ. ಮೂರು ವರ್ಷದ ಅರ್ಜಿ, ಎರಡು ವರ್ಷದ ಓದು, ಎಲ್ಲವೂ ಆ ಒಂದು ಸಹಿಗೆ ಜೋತುಬಿದ್ದಿತ್ತು.

ನನ್ನ ರೋಗಿ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯವರು. ಆಲೂಗಡ್ಡೆ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು, ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ನೀರಿನಂಥ ತೆಳುವಾದದ್ದು ಗಂಟಲಲ್ಲಿ ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ, ಗಟ್ಟಿಯಾದದ್ದು ಸಿಕ್ಕಿಕೊಳ್ಳುತ್ತದೆ. ನಡುವಿನ ಹದ ಹುಡುಕುವುದೇ ನಮ್ಮ ಕೆಲಸ. ಮೊದಲ ದಿನ ಪರೀಕ್ಷೆ ಮಾಡಿ, ಮನೆಯವರಿಗೆ ಕೊಡುವ ಸೂಚನೆಯ ಹಾಳೆ ಕೊಟ್ಟೆ. ಕಾಲೇಜಿನ ಆ ಹಾಳೆ ಮೊದಲು ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದವಳು ನಾನೇ. ಯಾರೂ ಹೇಳಿರಲಿಲ್ಲ, ನಾನಾಗಿ ಮುಂದೆ ಬಿದ್ದು ಮಾಡಿದ್ದೆ. ಮೊದಲ ಸೂಚನೆ: 'ಅಗಿಯಬೇಕಾದ ಯಾವುದನ್ನೂ ಕೊಡಬೇಡಿ. ಗಂಟಿಲ್ಲದ, ಮೆತ್ತಗಿನ ಆಹಾರ ಕೊಡಿ.'

ಅವರ ಹೆಂಡತಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಆಕೆ ಒಂದೊಂದು ಸಾಲನ್ನೂ ತಿರುಗಿ ಒಪ್ಪಿಸಿದರು. "ಕೂರ್ಸಿ ಉಣ್ಣಿಸ್ಬೇಕು. ಗದ್ದ ಕೆಳಕ್ಕೆ. ಒಂದು ತುತ್ತು ಇಳುದ್ ಮ್ಯಾಲೆ ಇನ್ನೊಂದು. ಅಗಿಯೋದು ಏನೂ ಕೊಡಂಗಿಲ್ಲ. ಸರೀನಾ ಅವ್ವ?"

"ಪೂರ್ತಿ ಸರಿ" ಎಂದೆ. ಅಷ್ಟು ಚೆನ್ನಾಗಿ ಒಪ್ಪಿಸಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಫೈಲಿನಲ್ಲಿ ಹಾಗೆಯೇ ಬರೆದುಕೊಂಡೆ.

ಮೂರನೆಯ ಭೇಟಿಗೆ ನಾನು ಹೋದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ನಡುಮನೆಯಲ್ಲಿ ಅವರನ್ನು ಮರದ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿದ್ದರು. ಬೆನ್ನಿಗೆ ದಿಂಬು, ಗದ್ದ ಕೆಳಕ್ಕೆ. ನನ್ನ ಹಾಳೆಯ ಚಿತ್ರದಲ್ಲಿದ್ದ ಹಾಗೆಯೇ. ಹೆಂಡತಿ ಮುಂದೆ ಕೂತು ತುತ್ತು ಕೊಡುತ್ತಿದ್ದರು.

"ಬಾರವ್ವ, ನೋಡು ಬಾ, ಎಲ್ಲಾ ನೀನೇಳ್ದಂಗೇ ಮಾಡಿವ್ನಿ" ಎಂದರು ನಗುತ್ತ. "ಒಂದ್ ತಿಂಗಳಿಂದ ಮುದ್ದೆ ಮುದ್ದೆ ಅಂತ ಜೀವ ತಿಂತಿದ್ರು. ಇವತ್ತು ನೋಡು, ಮೊಕದಾಗೆ ಕಳೆ ಬಂದೈತೆ."

ತಟ್ಟೆಯಲ್ಲಿ ರಾಗಿಮುದ್ದೆ ಇತ್ತು, ಸೊಪ್ಪಿನ ಸಾರು ಇತ್ತು. ಅರ್ಧ ಮುದ್ದೆ ಆಗಲೇ ಖಾಲಿ.

ಮುದ್ದೆಯನ್ನು ಅಗಿಯುವುದಿಲ್ಲ. ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುವುದು. ಚಿಕ್ಕಂದಿನಲ್ಲಿ ನಾನು ಅಗಿಯಲು ಹೋದಾಗಲೆಲ್ಲ ಅಮ್ಮ ತಲೆಗೊಂದು ಕೊಟ್ಟು, "ಅಗೀಬ್ಯಾಡ ಕಣೇ, ನುಂಗು" ಎಂದು ಕಲಿಸಿದ್ದಳು. ಹಿಂದಿನ ದಿನ ಊರಿಗೆ ಹೋಗಿದ್ದಾಗ ನಾನೂ ಹಾಗೇ ನುಂಗಿ ಬಂದಿದ್ದೆ. ಅಗಿಯುವುದು ಬೇಡ, ಮೆತ್ತಗಿರಬೇಕು, ಗಂಟಿರಬಾರದು. ಗಂಟಿಲ್ಲದೆ ತೊಳಸಿ ಕಟ್ಟಿದ ಮುದ್ದೆ ನನ್ನ ಹಾಳೆಯ ಎಲ್ಲ ಮಾತಿಗೂ ಒಪ್ಪುತ್ತಿತ್ತು. ಆದರೆ ಸಡಿಲಗೊಂಡ ಗಂಟಲಿಗೆ ಅದರಷ್ಟು ಅಂಟುವ ಪದಾರ್ಥ ಮತ್ತೊಂದಿಲ್ಲ.

"ಬೇಡಿ" ಎನ್ನುವಷ್ಟರಲ್ಲಿ ತುತ್ತು ಬಾಯೊಳಗೆ ಹೋಗಿತ್ತು.

ಕೆಮ್ಮು ಬರಲಿಲ್ಲ. ಈಗಲೂ ನನ್ನನ್ನು ಕಾಡುವುದು ಅದೇ. ಕೆಮ್ಮಿದರೆ ಗಾಳಿ ಓಡಾಡುತ್ತಿದೆ ಎಂದು ಅರ್ಥ. ಅವರು ಸುಮ್ಮನೆ ನನ್ನನ್ನು ನೋಡಿದರು. ಎಡಗೈ ಮೇಲೆದ್ದು ಗಂಟಲ ಹತ್ತಿರ ನಿಂತಿತು. ಬಾಯಿ ತೆರೆದಿತ್ತು, ಸದ್ದಿಲ್ಲ. ಇಡೀ ಮಂಡಿಗೆ ಕೇಳುವಂತೆ ಕೂಗುತ್ತಿದ್ದ ಗಂಟಲು ಅದು.

"ನೀರು, ನೀರು ತಕ್ಕಂಬಾ!" ಎಂದು ಹೆಂಡತಿ ಕೂಗಿದರು. ಪಕ್ಕದ ಮನೆಯವರೊಬ್ಬರು ಓಡಿಬಂದು ಚೊಂಬನ್ನು ಅವರ ಬಾಯಿಗೆ ಹಿಡಿದರು. ನಾನು ಚೊಂಬಿಗೆ ಹೊಡೆದೆ, ಅದು ಗೋಡೆಗೆ ತಾಗಿ ಉರುಳಿತು. "ಇದ್ಯಾಕಮ್ಮ, ಸಾಯೋನ್ಗೆ ನೀರೂ ಬ್ಯಾಡ್ವಾ!" ಎಂದು ಅವರು ನನ್ನನ್ನು ತಳ್ಳಿದರು. ನಾನು ರೋಗಿಯನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ನಡುವೆ ಅಂಗೈಯಿಂದ ಗುದ್ದಿದೆ. ಒಂದು, ಎರಡು, ಐದು. ಏನೂ ಆಗಲಿಲ್ಲ. ಕುರ್ಚಿಯ ಹಿಂದಿನಿಂದ ತಬ್ಬಿ ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಎಳೆದೆ. ತುಟಿ ನೇರಳೆಗೆ ತಿರುಗುತ್ತಿತ್ತು. ಇದನ್ನು ಅದುವರೆಗೆ ನಾನು ಮಾಡಿದ್ದು ರಬ್ಬರಿನ ಗೊಂಬೆಯ ಮೇಲೆ ಮಾತ್ರ. ಎಷ್ಟನೆಯ ಸಲವೋ, ತುತ್ತು ಇಡಿಯಾಗಿ ನೆಲಕ್ಕೆ ಬಿತ್ತು. ಹಲ್ಲಿನ ಒಂದು ಗುರುತೂ ಅದರ ಮೇಲೆ ಇರಲಿಲ್ಲ.

ಆಮೇಲೆ ಅರಕಲಗೂಡು, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನ. ಅಷ್ಟಿಷ್ಟು ಶ್ವಾಸಕೋಶಕ್ಕೆ ಇಳಿದಿತ್ತು. ಜ್ವರ ಬಂತು, ಮೂಗಿಗೆ ನಳಿಗೆ ಹಾಕಿದರು. ಮಾರನೆಯ ದಿನ ವಾರ್ಡಿನಲ್ಲಿ ರೌಂಡ್ಸಿಗೆ ಬಂದ ವೈದ್ಯರು ಕೇಸ್ ಶೀಟು ನೋಡಿ ಕೇಳಿದರು: "ಇಂಥ ಪೇಷಂಟಿಗೆ ಮುದ್ದೆ ಯಾರಮ್ಮ ಕೊಟ್ಟಿದ್ದು? ತಲೆ ನೆಟ್ಟಗಿದೆಯಾ?"

ಹೆಂಡತಿ ನನ್ನ ಕಡೆ ನೋಡಿದರು. ನಾನು ಬಿಳಿ ಕೋಟು ತೊಟ್ಟು, ಫೈಲು ಹಿಡಿದು ನಿಂತಿದ್ದೆ.

"ನಾನೇ ಸಾ" ಎಂದರು ಆಕೆ.

ನಾನು ಬಾಯಿ ಬಿಡಲಿಲ್ಲ. ಫೈಲಿನ ಕೊನೆಯ ಪುಟದಲ್ಲಿ ಸಹಿಯ ಜಾಗ ಖಾಲಿ ಇತ್ತು. ನಾನು ಹೆದರಿದ್ದೆ. ಅವರು ಸಾಯುತ್ತಾರೆಂಬ ಹೆದರಿಕೆಯ ಪಕ್ಕದಲ್ಲೇ ಸಹಿ ತಪ್ಪುತ್ತದೆಂಬ ಹೆದರಿಕೆಯೂ ಇತ್ತು. ಯಾವುದು ದೊಡ್ಡದಿತ್ತೆಂದು ಇವತ್ತಿಗೂ ಎದೆ ಮುಟ್ಟಿಕೊಂಡು ಹೇಳಲಾರೆ.

ವರದಿಯಲ್ಲಾದರೂ ನಿಜ ಬರೆಯೋಣವೆಂದು ಹೊರಟೆ. 'ಮನೆಯವರು ಸೂಚನೆಯನ್ನು ಹೇಳಿದಂತೆಯೇ ಪಾಲಿಸಿದರು. ಸೂಚನೆಯೇ ತಪ್ಪಾಗಿತ್ತು' ಎಂದು ಬರೆದೆ. ಗೈಡ್ ಮೇಡಂ ಕೆಂಪು ಗೆರೆ ಎಳೆದು ವಾಪಸ್ಸು ಕೊಟ್ಟರು.

"ಇದು ಕೇಸ್ ರಿಪೋರ್ಟು, ತಪ್ಪೊಪ್ಪಿಗೆ ಅಲ್ಲ. ಮುದ್ದೆ ಕೊಡಿ ಅಂತ ನೀನು ಹೇಳಿದ್ಯಾ?"

"ಇಲ್ಲ ಮೇಡಂ. ಕೊಡಬೇಡಿ ಅಂತಲೂ ಹೇಳಲಿಲ್ಲ."

"ಹೇಳಿಲ್ಲ ತಾನೆ? 'ಮನೆಯವರು ಸೂಚನೆ ಪಾಲಿಸಲಿಲ್ಲ' ಅಂತ ಬರಿ. ಎಲ್ಲರೂ ಹಾಗೇ ಬರೆಯೋದು."

ಎರಡು ಸಲ ತಿದ್ದಿದೆ, ಎರಡು ಸಲವೂ ಮಾತು ಸುತ್ತಿಬಳಸಿ ಅಲ್ಲಿಗೇ ಬಂತು. ಎರಡು ಸಲವೂ ವರದಿ ವಾಪಸ್ಸು ಬಂತು. ಮೂರನೆಯ ಸಲ, "ಹೀಗೇ ಮಾಡ್ತಿದ್ರೆ ಮುಂದಿನ ಬ್ಯಾಚಿನ ಜೊತೆ ಪರೀಕ್ಷೆ ಬರಿ" ಎಂದರು. ಕಾಯುವ ಪಟ್ಟಿ, ಐದನೆಯ ದಿನದ ಪ್ರಮಾಣಪತ್ರ, ದಿನದಿನದ ಬಸ್ಸು ಎಲ್ಲ ಕಣ್ಣ ಮುಂದೆ ಬಂತು. ಅವರು ಹೇಳಿದ ಸಾಲನ್ನೇ ಬರೆದೆ. ನಿಂತ ಕಾಲಲ್ಲೇ ಸಹಿ ಹಾಕಿದರು. ನಾನು ಪಾಸಾದೆ.

ಈಗ ಹಾಸನದ ಆಸ್ಪತ್ರೆಯಲ್ಲಿ ಕೆಲಸ. ಸೂಚನೆಯ ಹಾಳೆಯನ್ನು ಬದಲಿಸಿ ಎಂದು ಕಾಲೇಜಿಗೆ ಪತ್ರ ಬರೆದು ಬಹಳ ದಿನವಾಯಿತು. ಪರಿಶೀಲನೆಯಲ್ಲಿದೆಯಂತೆ. ನಾನು ಕೊಡುವ ಪ್ರತಿಯೊಂದು ಹಾಳೆಯ ನೆತ್ತಿಯಲ್ಲೂ ಪೆನ್ನಿನಿಂದ 'ಮುದ್ದೆ ಬೇಡ' ಎಂದು ದಪ್ಪಗೆ ಬರೆಯುತ್ತೇನೆ.

ಹೋದ ತಿಂಗಳು ಆ ಗಂಡ ಹೆಂಡತಿ ತೋರಿಸಿಕೊಂಡು ಹೋಗಲು ಬಂದಿದ್ದರು. ನಳಿಗೆ ತೆಗೆದಿದ್ದಾರೆ, ಗಂಜಿ ಇಳಿಯುತ್ತಿದೆ. ಗಂಡ ನನ್ನನ್ನು ಕಂಡು ತೊದಲುತ್ತ, "ಬೆನ್ನು... ಇನ್ನೂ ನೋಯ್ತದೆ ಕಣವ್ವ, ಏನ್ ಗುದ್ದು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬಾಗಿಲು ಹಾಕಿ ಆಕೆಗೆ ಹೇಳಿದೆ.

"ಅವತ್ತು ತಪ್ಪು ನಿಮ್ಮದಲ್ಲ. ಅಗಿಯೋದು ಕೊಡಬೇಡಿ ಅಂದಿದ್ದೆ, ನೀವು ಅಗಿಯದೇ ಇರೋದನ್ನೇ ಕೊಟ್ರಿ. ತಪ್ಪು ನನ್ನದು. ಡಾಕ್ಟ್ರು ಬೈದಾಗಲೂ ನಾನು ಸುಮ್ಮನಿದ್ದೆ. ವರದೀಲಿ ನಿಮ್ಮ ಬಗ್ಗೆ ಬರೆದದ್ದೂ ಸುಳ್ಳು."

ಆಕೆ ನನ್ನ ಕೈ ಹಿಡಿದುಕೊಂಡರು. "ಬುಡವ್ವ, ನಂಗೆ ಬ್ಯಾಸರ ಆಗ್ಬಾರ್ದು ಅಂತ ಇಂಗಂತೀಯ. ನಂಗೊತ್ತಿಲ್ವಾ? ಓದಿರೋರು ಎಲ್ಲಾದ್ರೂ ತಪ್ಪೇಳ್ತಾರಾ? ನನ್ ಕೈಯಾರೆ ಕೊಟ್ಟಿದ್ದು ನಾನು. ಅವ್ರು ಉಳ್ದಿದ್ದು ನಿನ್ನಿಂದ."

"ಇಲ್ಲಮ್ಮ, ಕೇಳಿಸ್ಕೊಳ್ಳಿ..."

"ಬುಡು ಅಂದ್ನಲ್ಲ."

ಮತ್ತೊಮ್ಮೆ ಹೇಳಿದೆ, ಬೇರೆ ಮಾತಿನಲ್ಲಿ ಹೇಳಿದೆ. ಆಕೆಯ ಮುಖದಲ್ಲಿ ಅದೇ ಮರುಕ. ನಾನು ಒಳ್ಳೆಯವಳೆಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು, ಅಷ್ಟೇ. ಜನಕ್ಕೆ ಮಾತು ಮುಟ್ಟಿಸುವುದನ್ನೇ ಓದಿ ಪಾಸಾದವಳು ನಾನು. ಆ ಒಂದು ಮಾತನ್ನು ಮುಟ್ಟಿಸಲು ನನ್ನಿಂದ ಆಗಲಿಲ್ಲ.

ಕೊನೆಗೆ, ಮನೆಯಲ್ಲಿ ಹೇಗೆ ಉಣ್ಣಿಸುತ್ತೀರಿ ತೋರಿಸಿ ಎಂದೆ. ಆಕೆ ಡಬ್ಬಿಯಿಂದ ರಾಗಿ ಗಂಜಿಯನ್ನು ಚಮಚಕ್ಕೆ ತೆಗೆದುಕೊಂಡರು. ಗಂಡನ ಬಾಯಿಯ ಹತ್ತಿರ ಒಯ್ದು, ಅಲ್ಲೇ ತಡೆದು, ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದ ಮೇಲೆಯೇ ಕೊಟ್ಟರು. ಎರಡನೆಯ ಚಮಚಕ್ಕೂ ನೋಡಿದರು. ಡಬ್ಬಿ ಮುಗಿಯುವ ತನಕ ಪ್ರತಿ ಚಮಚಕ್ಕೂ ಹಾಗೆಯೇ ನೋಡಿದರು.