ಕುದುರೆಗೆ ಮಂಗಳವಾರ ಬರುತ್ತಿದ್ದ ಕಾಯಿಲೆ

ಹಾಸನದ ಡಾಕ್ಟರು ನಮ್ಮ ಯಜಮಾನರ ರಕ್ತದ ರಿಪೋರ್ಟು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ದಿನಾ ಬೆಳಿಗ್ಗೆ ನಡೆಯಲೇಬೇಕು ಎಂದರು. ಯಜಮಾನರು ಬಹಳ ವಿನಯದಿಂದ ತಲೆಯಾಡಿಸಿದರು. ಹೊಳೆನರಸೀಪುರಕ್ಕೆ ವಾಪಸು ಬಂದೆವು. ಸ್ವಲ್ಪ ದಿನಕ್ಕೆ ಚನ್ನರಾಯಪಟ್ಟಣದಿಂದ ಒಂದು ಕುದುರೆ ಕೊಂಡು ತಂದರು. ಮನೆಯಲ್ಲಿ ಯಾರಾದರೊಬ್ಬರು ನಡೆದರೆ ಸಾಕು ಎಂದು ಡಾಕ್ಟರ ಮಾತು ಅವರಿಗೆ ಅರ್ಥವಾಗಿತ್ತು.

"ಕುದುರೆ ಮೇಲೆ ಕೂತ್ರೆ ಕುದುರೆಗಿಂತ ನಮಗೇ ಜಾಸ್ತಿ ಎಕ್ಸರ್‌ಸೈಜು ಕಣೇ," ಎಂದರು ನನಗೆ.

ಸಿಮೆಂಟು, ಕಬ್ಬಿಣದ ಅಂಗಡಿಯ ಗಲ್ಲಾದಲ್ಲಿ ಕೂತೇ ಅರ್ಧ ಆಯುಷ್ಯ ಕಳೆದವರು ಹೇಳಿದ ಮೇಲೆ ಕೂರುವುದರ ಬಗ್ಗೆ ನಾನೇನು ವಾದ ಮಾಡಲಿ.

ಬಿಳಿಯ ಹೆಣ್ಣು ಕುದುರೆ. ವರ್ಷಾನುಗಟ್ಟಲೆ ಮದುವೆ ಮೆರವಣಿಗೆಯಲ್ಲಿ ಗಂಡುಗಳನ್ನು ಹೊತ್ತು ನಿವೃತ್ತಿಯಾಗಿತ್ತು. ಸವಾರಿ ಹೊರಟರೆ ಬಸ್ ಸ್ಟ್ಯಾಂಡಿನ ಆಚೆಯ ಕಲ್ಯಾಣ ಮಂಟಪದವರೆಗೆ ಠೀವಿಯಿಂದ ಹೋಗುವುದು, ಅಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತುಬಿಡುವುದು. ಮೇಲೆ ಕೂತವನು ಇಳಿದು ಒಳಗೆ ಹೋಗಿ ತಾಳಿ ಕಟ್ಟುವವನು ಎಂದೇ ಅದರ ತಿಳಿವಳಿಕೆ. ಇಳಿಯುವ ತನಕ ಕದಲುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನನ್ನ ಗಂಡನನ್ನು ದಿನ ಬೆಳಗಾದರೆ ಕಲ್ಯಾಣ ಮಂಟಪಕ್ಕೆ ಇಳಿಸಿ ಬರುವ ಒಂದು ಜೀವವನ್ನು ನಾನೇ ಹುರುಳಿ ಬೇಯಿಸಿ ಹಾಕಿ ಸಾಕುವಂತಾಯಿತು. ಹುರುಳಿ ಅದಕ್ಕೆ, ಕಟ್ಟಿನ ಸಾರು ನಮಗೆ. ಕೆಲವೇ ದಿನಕ್ಕೆ ಯಜಮಾನರ ಸೊಂಟ ಹಿಡಿಯಿತು. ಸವಾರಿ ನಿಂತಿತು. ಕುದುರೆ ಉಳಿಯಿತು, ಹುರುಳಿಯೂ ಉಳಿಯಿತು, ಎರಡೂ ನನ್ನ ಪಾಲಿಗೆ.

ಅದಕ್ಕೆ ಇನ್ನೊಂದು ಅಭ್ಯಾಸವಿತ್ತು. ಬೆಳಿಗ್ಗೆ ಪುರಸಭೆಯ ಕಸದ ಗಾಡಿ ಹಾಡು ಹಾಕಿಕೊಂಡು ನಮ್ಮ ಬೀದಿಗೆ ತಿರುಗಿದ ಕೂಡಲೇ ಕುದುರೆ ಕಿವಿ ನಿಮಿರಿಸಿ, ಕತ್ತು ಬಾಗಿಸಿ, ಮುಂಗಾಲು ಒಂದೊಂದಾಗಿ ಎತ್ತಿ ಕುಣಿಯಲು ಶುರುಮಾಡುತ್ತಿತ್ತು. ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಮೈಕು ಕೂಗುತ್ತಿದ್ದರೆ ಇದಕ್ಕೆ ದಿಬ್ಬಣ ಬಂದ ಸಂಭ್ರಮ. ಎರಡು ಬಕೆಟ್ ಹಿಡಿದು ಗೇಟಿನಲ್ಲಿ ನಿಂತ ನನಗೆ ನಗು ಬರುತ್ತಿತ್ತು. ನನ್ನ ದಿನದಲ್ಲಿ ಅಷ್ಟು ಮರ್ಯಾದೆಯಿಂದ ಶುರುವಾಗುವ ಕೆಲಸ ಬೇರೆ ಯಾವುದೂ ಇರಲಿಲ್ಲ.

ಸವಾರಿ ನಿಂತ ಮೇಲೆ ಯಜಮಾನರು ಕುದುರೆ ಸಾಕಣೆಯನ್ನು ಮೊಬೈಲಿನಲ್ಲಿ ಮುಂದುವರಿಸಿದರು. ಒಂದು ಸಂಜೆ ಸೋಫಾದ ಮೇಲೆ ಮಲಗಿ, ಕುದುರೆ ಮೇಯುವ ಜಾಗದಲ್ಲಿ ಇರಬಾರದ ವಿಷದ ಮರಗಿಡಗಳು ಎಂಬ ಇಂಗ್ಲಿಷ್ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದರು. ರೆಡ್ ಮೇಪಲ್. ಯೂ. ಬ್ಲ್ಯಾಕ್ ವಾಲ್ನಟ್. ಓಲಿಯಾಂಡರ್. ಓಕ್. ಒಂದೊಂದು ಹೆಸರು ಓದಿದಾಗಲೂ ಅವರ ಮುಖದಲ್ಲಿ ನೆಮ್ಮದಿ ಹೆಚ್ಚುತ್ತಿತ್ತು.

"ಎಲ್ಲ ಫಾರಿನ್ ಮರಗಳು ಕಣೇ. ಹಿಮ ಬೀಳೋ ಕಡೆ ಬೆಳೆಯೋವು. ನಮ್ಮ ಹೊಳೆನರಸೀಪುರದಲ್ಲಿ ರೆಡ್ ಮೇಪಲ್ ಎಲ್ಲಿ ಬತ್ತದೆ?" ಎಂದವರು ತಟ್ಟನೆ ಎದ್ದು ಕೂತರು. "ಓಕ್ ಐತಲ್ಲ!"

ಹಿತ್ತಲಿನ ಬೇಲಿಗೆ ಎರಡು ಸಿಲ್ವರ್ ಓಕ್ ಮರಗಳಿದ್ದವು. ಅರಕಲಗೂಡಿನ ನಮ್ಮ ತವರಿನಿಂದ ಸಸಿಯಾಗಿ ಬಂದು ಮನೆಯ ಎತ್ತರ ಮೀರಿ ಬೆಳೆದವು. ಕುದುರೆಯನ್ನು ಕಟ್ಟುತ್ತಿದ್ದುದು ಅವುಗಳ ನೆರಳಿನಲ್ಲೇ.

"ಅದು ಆ ಓಕ್ ಅಲ್ಲ ರೀ. ಬರೀ ಹೆಸರು ಹಾಗೆ," ಎಂದೆ ಮೆಲ್ಲಗೆ. ಮೆಲ್ಲಗೆ ಮಾತಾಡುವುದನ್ನು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಅದರಿಂದ ಇದುವರೆಗೆ ಆದ ಉಪಯೋಗವನ್ನು ಇನ್ನೂ ಹುಡುಕುತ್ತಿದ್ದೇನೆ.

"ಹೆಸರಲ್ಲೇ ಐತಲ್ಲೇ. ಇನ್ನೇನ್ ಬೇಕು ಸಾಕ್ಷಿ?"

ಮಾರನೆಯ ದಿನ ಗರಗಸದ ಮಿಷನ್ ಬಂತು. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಬೋಳಾಯಿತು. ಕುದುರೆ ಬಿಸಿಲಿನಲ್ಲಿ ನಿಂತು, ತನ್ನ ಪ್ರಾಣ ಉಳಿಸಿದ ಮಹಾನುಭಾವರನ್ನು ನೋಡುತ್ತಿತ್ತು. ಆಮೇಲೆ ಅದನ್ನು ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ತಂದು ಕಟ್ಟಿದರು. ಹೊಂಗೆಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಅದು ನೂರಕ್ಕೆ ನೂರು ಸುರಕ್ಷಿತ.

ಆ ಹೊಂಗೆ ಮರದ ಬುಡ ನಮ್ಮ ಅತ್ತೆಯವರದು. ಅತ್ತೆ ಎಂದರೆ ಯಜಮಾನರ ತಾಯಿ, ನಮ್ಮ ಮನೆಯ ಶಿವಪೂಜೆಯ ಸಂಪೂರ್ಣ ಅಧಿಕಾರಿ. ಮುಂದಿನ ಕಾಂಪೌಂಡಿನ ಉದ್ದಕ್ಕೂ ಅವರು ಬೆಳೆಸಿದ ಕಣಗಿಲೆಯ ಸಾಲಿದೆ. ನಸುಗೆಂಪು ಹೂ, ಗೊಂಚಲು ಗೊಂಚಲು. ಬೆಳಿಗ್ಗೆ ಮಡಿಯಲ್ಲಿ ಕಿತ್ತು, ಬಾಳೆನಾರಿನಲ್ಲಿ ಅವರದೇ ಒಂದು ತರದ ಎರಡು ಸುತ್ತಿನ ಗಂಟು ಹಾಕಿ ಮಾಲೆ ಕಟ್ಟಿ ಲಿಂಗಕ್ಕೆ ಏರಿಸುತ್ತಾರೆ. ಕೈ ನಡುಗುವುದರಿಂದ ಈಚೆಗೆ ಹೂವಿನ ಜೊತೆ ಕುಡಿಯೂ ಎಲೆಯೂ ಬರುತ್ತಿದ್ದವು. ಮಾರನೆಯ ದಿನ ನಸುಕಿನಲ್ಲೇ ಆ ಬಾಡಿದ ಹೂವನ್ನು ತೆಗೆದು ಎಲ್ಲಿಡಬೇಕು ಎಂಬುದು ದೊಡ್ಡ ವಿಷಯ. ದೇವರ ಮೇಲಿದ್ದ ನಿರ್ಮಾಲ್ಯವನ್ನು ಯಾರೂ ತುಳಿಯಬಾರದು. ಕಸದ ಗಾಡಿ ಶುರುವಾದ ಹೊಸದರಲ್ಲಿ ನಾನು, ಹಸಿ ಕಸದ ಬಕೆಟ್ಟಿಗೆ ಹಾಕಬಹುದಲ್ಲ ಅತ್ತೆ ಎಂದು ಕೇಳಿಬಿಟ್ಟಿದ್ದೆ.

"ಶಿವನ ಮ್ಯಾಲಿದ್ದ ಊವ ಕಸದ ಗಾಡಿಗೆ ಆಕ್ತಾರೇನವ್ವ? ನಿಮ್ಮ ಸಿಸ್ಟರು ಏಳ್ಕೊಟ್ಟಿದ್ದು ಇದೇಯಾ?"

ಅಂದಿನಿಂದ ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನಿರ್ಮಾಲ್ಯ ಹೊಂಗೆಯ ಬುಡ ಸೇರುತ್ತಿತ್ತು. ಅಲ್ಲಿ ಯಾರೂ ಓಡಾಡುತ್ತಿರಲಿಲ್ಲ, ಯಾರ ಕಾಲೂ ತಾಗುತ್ತಿರಲಿಲ್ಲ. ಈಗ ಅಲ್ಲಿಗೆ ಕುದುರೆ ಬಂದಿತ್ತು. ಅದರ ರಾಗಿ ಹುಲ್ಲನ್ನೂ ಅಲ್ಲೇ ಬುಡಕ್ಕೆ ಒಟ್ಟುತ್ತಿದ್ದೆವು. ಕುದುರೆ ಬಂತೆಂದು ಶಿವನ ಜಾಗ ಬದಲಾಯಿಸಲು ಆಗುತ್ತದೆಯೇ?

ಕಾರ್ತಿಕ ಶುರುವಾಗಿತ್ತು. ಸೋಮವಾರದ ಪೂಜೆಗೆ ಹೂ ಎಂದಿಗಿಂತ ಜಾಸ್ತಿ. ಮಂಗಳವಾರ ನಿರ್ಮಾಲ್ಯವೂ ಜಾಸ್ತಿ. ಆ ಮಂಗಳವಾರ ಕುದುರೆ ಹುಲ್ಲು ಅರ್ಧಕ್ಕೆ ಬಿಟ್ಟಿತು, ತೆಳ್ಳಗೆ ಲದ್ದಿ ಹಾಕಿತು, ಬೆವರಿತು. ಬುಧವಾರ ಸುಧಾರಿಸಿಕೊಂಡಿತು. ಮುಂದಿನ ಮಂಗಳವಾರ ಮತ್ತೆ ಅದೇ.

"ಮಂಗಳವಾರ, ನೋಡವ್ವ," ಎಂದರು ಅತ್ತೆ, ಕೇಸು ಮುಗಿದಂತೆ. "ದೃಷ್ಟಿ. ಬೆಳ್ಳಗೆ ಐತೆ, ಬೀದೀಲಿ ಓಗೋರೆಲ್ಲ ನೋಡ್ತಾರೆ."

ಯಜಮಾನರು ಇದನ್ನು ಒಪ್ಪಲಿಲ್ಲ. ಅವರು ವಿಜ್ಞಾನದ ಕಡೆಯವರು. ಮತ್ತೆ ಪಟ್ಟಿ ತೆರೆದು, ಸಿಲ್ವರ್ ಓಕಿನ ಬೇರು ಇನ್ನೂ ನೆಲದಲ್ಲಿ ಇರುವುದರಿಂದ ವಿಷ ಗಾಳಿಗೆ ಬರುತ್ತಿದೆ ಎಂದು ತೀರ್ಮಾನಿಸಿ ಜೆಸಿಬಿ ಕರೆಸಿ ಬೇರು ಕೀಳಿಸಿದರು. ಅತ್ತೆ ಮೆಣಸಿನಕಾಯಿ ನಿವಾಳಿಸಿದರು. ಸಾಲದೆಂದು, ಬರುವ ಸೋಮವಾರ ಕುದುರೆಯ ಹೆಸರಿನಲ್ಲಿ ಶಿವನಿಗೆ ದೊಡ್ಡ ಪುಷ್ಪಾರ್ಚನೆ ಮಾಡಿಸುವುದಾಗಿ ಹರಕೆ ಹೊತ್ತರು. ತಾಯಿ ಮಗ ಇಬ್ಬರೂ ಅಷ್ಟು ದುಡಿಯುತ್ತಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅರ್ಚನೆ ಬಹಳ ಚೆನ್ನಾಗಿ ಆಯಿತು. ಲಿಂಗ ಕಾಣದಷ್ಟು ಕಣಗಿಲೆ. ಕಾಂಪೌಂಡಿನ ಸಾಲು ಒಂದು ಹೂ ಉಳಿಯದೆ ಹಸಿರಾಗಿ ನಿಂತಿತ್ತು.

ಮಂಗಳವಾರ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಕಸದ ಗಾಡಿಯ ಹಾಡು ಕೇಳಿಸಿತು. ಬಕೆಟ್ ಹಿಡಿದು ಹೊರಗೆ ಬಂದೆ. ಗೇಟಿನ ತನಕ ಬಂದ ಮೇಲೆ ಏನೋ ಕೊರತೆ ಅನ್ನಿಸಿ ತಿರುಗಿ ನೋಡಿದೆ. ಕುದುರೆ ಕುಣಿಯುತ್ತಿರಲಿಲ್ಲ. ಕತ್ತು ಕೆಳಗೆ ಬಿಟ್ಟು ಹೊಂಗೆ ಮರಕ್ಕೆ ಮೈ ಒರಗಿಸಿ ನಿಂತಿತ್ತು. ಹೊಟ್ಟೆಯ ಪಕ್ಕದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಮಂಡಿಯೂರಿ ಕೂತುಬಿಟ್ಟಿತು. ಕಸದ ಗಾಡಿಯವನು ಹಾಡು ನಿಲ್ಲಿಸಿ, "ಏನಕ್ಕಾ, ಉಷಾರಿಲ್ವಾ ಅದಕ್ಕೆ?" ಎಂದ. ಅಷ್ಟು ಕೇಳಿದ್ದಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅದು ಅದು ಎನ್ನುತ್ತಿದ್ದ ಕುದುರೆ ನನಗೆ ಯಾವಾಗ ಅವಳಾದಳೋ ಗೊತ್ತಿಲ್ಲ.

ಯಜಮಾನರು ಬನಿಯನ್ನಿನಲ್ಲೇ ಓಡಿ ಬಂದರು. ಹೊಟ್ಟೆನೋವು ಬಂದ ಕುದುರೆಯನ್ನು ನಡೆಸಬೇಕು ಎಂದು ಮೊಬೈಲಿನಲ್ಲಿ ಓದಿದ್ದರಂತೆ. ಎಳೆದು ಎಬ್ಬಿಸಿ ಕಾಂಪೌಂಡಿನ ಸುತ್ತ ನಡೆಸತೊಡಗಿದರು. ಡಾಕ್ಟರು ಹೇಳಿದ್ದ ಬೆಳಗಿನ ನಡಿಗೆಯನ್ನು ಅವರು ಮೊದಲ ಸಲ ಮಾಡಿದ್ದು ಅವತ್ತು. ಹಾಸನದಿಂದ ಪಶುವೈದ್ಯರು ಬಂದಾಗಲೂ ನಡೆಸುತ್ತಲೇ ಇದ್ದರು. ಬಂದವರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಗೇಟಿನಿಂದಲೇ ಕೂಗಿದರು.

"ನಿಲ್ಲಿಸಿ, ನಿಲ್ಲಿಸಿ. ಯಾರು ನಡೆಸೋಕೆ ಹೇಳಿದ್ದು?"

"ಇಲ್ಲ ಸಾ... ಮೇಡಂ, ಹೊಟ್ಟೆನೋವು ಅಂತ..."

ಅವರು ಕುದುರೆಯ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಮುಖ ಚಿಕ್ಕದಾಯಿತು. "ಎದೆ ಬಡಿತ ತಪ್ಪಿ ತಪ್ಪಿ ಹೊಡೀತಿದೆ. ಇನ್ನೊಂದು ಸುತ್ತು ಹಾಕಿಸಿದ್ರೆ ಕಷ್ಟ ಇತ್ತು. ಏನೋ ವಿಷ ಹೊಟ್ಟೆಗೆ ಹೋಗಿದೆ. ಏನ್ ತಿಂತು?"

"ಹುಲ್ಲು, ಹುರುಳಿ ಬಿಟ್ರೆ ಏನಿಲ್ಲ ಮೇಡಂ. ವಿಷದ ಮರ ಎಲ್ಲ ನಾನೇ ಕಡಿಸಾಕಿದೀನಿ," ಎಂದರು ಯಜಮಾನರು ಹೆಮ್ಮೆಯಿಂದ.

"ಏನಂತ ಗೊತ್ತಾದ್ರೆ ಔಷಧಿ ಸರಿಯಾಗಿ ಕೊಡಬಹುದು. ಇಲ್ಲದಿದ್ರೆ ಕತ್ತಲಲ್ಲಿ ತಡಕಿದ ಹಾಗೆ. ನೆನಪು ಮಾಡ್ಕೊಳ್ಳಿ."

ನಾನು ಅವಳ ತಲೆ ಹಿಡಿದುಕೊಂಡಿದ್ದೆ. ಬಾಯಿಯ ಅಂಚಿನಲ್ಲಿ ಒಂದು ಎಳೆ ನೇತಾಡುತ್ತಿತ್ತು. ಹುಲ್ಲೆಂದುಕೊಂಡು ಎಳೆದೆ. ಬಾಳೆನಾರು. ಅದರ ಮೇಲೆ ಎರಡು ಸುತ್ತಿನ ಗಂಟು. ಗಂಟಿನಲ್ಲಿ ಮುದುಡಿದ ಒಂದು ನಸುಗೆಂಪು ಎಸಳು, ಅರ್ಧ ಎಲೆ.

ಆ ಗಂಟು ಹಾಕುವ ಕೈ ಊರಿಗೆಲ್ಲ ಒಂದೇ. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು, ಕುದುರೆಯ ಹಣೆಗೆ ಹಚ್ಚಲು ವಿಭೂತಿ ಹಿಡಿದು. ನಾರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸುಮ್ಮನಿದ್ದರೆ ಅತ್ತೆ ಉಳಿಯುತ್ತಿದ್ದರು, ಕುದುರೆ ಉಳಿಯುತ್ತಿರಲಿಲ್ಲ. ನನ್ನ ಮೆಲುದನಿಯನ್ನು ಪಕ್ಕಕ್ಕಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದೆ. "ಮೇಡಂ, ಕಣಗಿಲೆ ತಿಂದಿದಾಳೆ."

"ಕಣಗಿಲೆನಾ? ಗಿಡ ಎಲ್ಲಿದೆ?"

"ಅದು ಮುಂದ್ಗಡೆ ಮೇಡಂ. ಅಲ್ಲಿಗೆ ಇದು ಓಗೇ ಇಲ್ಲ," ಎಂದರು ಯಜಮಾನರು. "ನೀನ್ ಸುಮ್ಕಿರೇ, ಏನೇನೋ ಏಳ್ಬೇಡ."

ಅತ್ತೆ ನನ್ನ ಅಂಗೈ ಬಿಡಿಸಿ ನೋಡಿದರು. ಹೊಂಗೆಯ ಬುಡಕ್ಕೆ ಹೋಗಿ ಹುಲ್ಲನ್ನು ಕೈಯಿಂದ ಸರಿಸಿದರು. ಹಿಂದಿನ ದಿನದ ಅರ್ಚನೆಯ ಹೂ ಅಲ್ಲಿ ಸ್ವಲ್ಪವೇ ಉಳಿದಿತ್ತು.

"ಗಿಡದತ್ರಕ್ಕೆ ಇದು ಓಗಿಲ್ಲ ಕಣ್ಲಾ," ಎಂದರು ಮಗನಿಗೆ. "ನಾನೇ ತಂದು ಇದರ ಬಾಯ್ತಾವ ಇಟ್ಟಿವ್ನಿ."

ಪಶುವೈದ್ಯೆ ಆಗಲೇ ಇದ್ದಿಲು ಪುಡಿಯನ್ನು ನೀರಿಗೆ ಕಲಸಿ, ಮೂಗಿನಿಂದ ಕೊಳವೆ ಇಳಿಸಲು ಶುರುಮಾಡಿದ್ದರು. ಕೆಲಸ ಮಾಡುತ್ತಲೇ ಮಾತಾಡಿದರು. "ಹಸಿ ಇದ್ದಾಗ ಕಹಿ ಅಂತ ಬಿಡ್ತಾವೆ ಅಜ್ಜಿ. ಬಾಡಿದ್ಮೇಲೆ ಹುಲ್ಲಿನ ಜೊತೆ ತಿಂದ್ಬಿಡ್ತಾವೆ. ಒಣಗಿದ್ರೂ ಅದರ ವಿಷ ಹೋಗಲ್ಲ." ಆಮೇಲೆ ಯಜಮಾನರ ಕಡೆ ತಿರುಗಿ, "ಓಲಿಯಾಂಡರ್ ಅಂತಾರಲ್ಲ, ಇದೇ," ಎಂದರು.

ಯಜಮಾನರು ಜೇಬು ಮುಟ್ಟಿ ನೋಡಿಕೊಂಡರು. ಬನಿಯನ್ನಿಗೆ ಜೇಬಿರಲಿಲ್ಲ, ಪಟ್ಟಿ ಇದ್ದ ಮೊಬೈಲ್ ಮನೆಯೊಳಗಿತ್ತು, ಸದ್ಯ. ನಾನೂ ನಗುವ ಹಾಗಿರಲಿಲ್ಲ. ಕಾನ್ವೆಂಟಿನಲ್ಲಿ ನಾವು ಎಂದೂ ಕಣ್ಣಾರೆ ಕಾಣದ ಹೂಗಳ ಮೇಲೆ ಪದ್ಯ ಬಾಯಿಪಾಠ ಮಾಡಿದ್ದೆವು. ಅಂಗಳದ ಹೂವಿನ ಇಂಗ್ಲಿಷ್ ಹೆಸರು ಪರೀಕ್ಷೆಗೆ ಬರುತ್ತಿರಲಿಲ್ಲ.

ಅತ್ತೆ ಕುಸಿದುಹೋಗುತ್ತಾರೆಂದು ನಾನು ಹೆದರಿದ್ದೆ. ಅವರು ಕುದುರೆಯ ಹಣೆಗೆ ವಿಭೂತಿ ಹಚ್ಚಿ, ಅದರ ಮುಖವನ್ನು ದಿಟ್ಟಿಸಿ ಹೇಳಿದರು:

"ಸ್ವಾಮಿ ವಿಷವ ಗಂಟಲಲ್ಲೇ ತಡ್ಕಂಡ. ಇದು ಒಟ್ಟೆಗೇ ಇಳಿಸ್ಕಂತು. ಇದಕ್ಕೆಲ್ಲಿ ಬತ್ತದೆ ಆ ಬುದ್ಧಿ."

ತಪ್ಪು ಕುದುರೆಯದೆಂದು ಸಾಬೀತಾಯಿತು. ಆದರೆ ಅವರು ಅಲ್ಲಿಂದ ಕದಲಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಬೇಡವೆಂದರು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಸೆರಗಿನಿಂದ ಅವಳ ಮುಖದ ಮೇಲಿನ ನೊಣ ಓಡಿಸುತ್ತಾ, ಬುದ್ಧಿಯಿಲ್ಲದ್ದೇ, ತಿನ್ನೋಕೆ ಬ್ಯಾರೆ ಏನೂ ಸಿಕ್ಲಿಲ್ವಾ ನಿಂಗೆ ಎಂದು ಬೈಯುತ್ತಲೇ ಇದ್ದರು. ಪಶುವೈದ್ಯೆ ಇಂಜೆಕ್ಷನ್ ಕೊಟ್ಟು, ಕದಲಿಸಬೇಡಿ, ಎರಡು ದಿನ ಕಳೆಯಲಿ, ಆಮೇಲೆ ಹೇಳ್ತೀನಿ ಎಂದು ಹೋದರು.

ಬುಧವಾರ ಕಸದ ಗಾಡಿ ಬಂತು. ಅವಳು ಕಿವಿ ಸಹ ಅಲ್ಲಾಡಿಸಲಿಲ್ಲ. ನಾನು ಹಸಿ ಕಸವನ್ನು ಒಣ ಕಸದ ಕಡೆ ಸುರಿದು ಬೈಸಿಕೊಂಡೆ. ಗುರುವಾರ ಗಾಡಿ ತಿರುವಿನಲ್ಲಿ ಹಾಡು ಹಾಕಿದಾಗ ನಾವು ಮೂವರೂ ಹೇಗೋ ಹೊಂಗೆಯ ಹತ್ತಿರವೇ ಇದ್ದೆವು, ಮೂವರಿಗೂ ಅಲ್ಲಿ ಬೇರೆ ಬೇರೆ ಕೆಲಸವಿದ್ದಂತೆ. ಹಾಡು ಹತ್ತಿರ ಬಂತು. ಒಂದು ಕಿವಿ ನಿಮಿರಿತು. ಆಮೇಲೆ, ನೆಲದಿಂದ ಒಂದೇ ಒಂದು ಬೆರಳಿನಷ್ಟು, ಬಲಗಾಲು ಎದ್ದಿತು.

"ಎತ್ತಿತು ಕಣವ್ವ," ಎಂದರು ಅತ್ತೆ, ಬಹಳ ಸಣ್ಣ ದನಿಯಲ್ಲಿ.

ಕಣಗಿಲೆಯ ಸಾಲು ಈಗಲೂ ಇದೆ. ಅದನ್ನು ಕಡಿಸುವ ಮಾತನ್ನು ಯಜಮಾನರು ಎತ್ತಿದರು, ಅತ್ತೆ ಒಮ್ಮೆ ನೋಡಿದ ಮೇಲೆ ತಾವೇ ಇಳಿಸಿದರು. ಆದರೆ ನಿರ್ಮಾಲ್ಯದ ಜಾಗ ಬದಲಾಯಿತು. ಊರಾಚೆಯ ನಮ್ಮ ತೆಂಗಿನ ತೋಟದ ಆ ಕೊನೆಯಲ್ಲಿ, ತಂತಿ ಬೇಲಿಯ ಒಳಗೆ, ಒಂದು ಗುಂಡಿ ತೋಡಿಸಿದ್ದಾರೆ. ಯಾವ ದನವೂ ಹೋಗಲಾಗದ ಜಾಗ. ಕಾರೂ ಹೋಗುವುದಿಲ್ಲ, ಬೈಕೂ ಹೋಗುವುದಿಲ್ಲ. ದೇವರ ಹೂವಾದ್ದರಿಂದ ಚಪ್ಪಲಿ ಹಾಕುವಂತಿಲ್ಲ, ಆಳುಗಳ ಕೈಲಿ ಕೊಡುವಂತಿಲ್ಲ, ಮನೆಯ ಗಂಡುಮಗನೇ ಒಯ್ಯಬೇಕು. ಈ ನಿಯಮಗಳೆಲ್ಲ ಪುರಾತನ ಕಾಲದಿಂದ ಬಂದವು ಎಂದು ಅತ್ತೆ ಗುಂಡಿ ತೋಡಿಸಿದ ಮಾರನೆಯ ದಿನ ತಿಳಿಸಿದರು.

ಹಾಗಾಗಿ ನಮ್ಮ ಯಜಮಾನರು ಬೆಳಗಾದರೆ ಹೂವಿನ ಬುಟ್ಟಿ ಹಿಡಿದು ಬರಿಗಾಲಲ್ಲಿ ತೋಟದ ಕೊನೆಗೆ ಹೋಗಿ ಬರುತ್ತಾರೆ. ಬರುವ ಹೊತ್ತಿಗೆ ಕಸದ ಗಾಡಿ ಬಂದಿರುತ್ತದೆ, ಕುದುರೆ ಕುಣಿಯುತ್ತಿರುತ್ತದೆ, ಬೆವರು ಒರೆಸಿಕೊಳ್ಳುತ್ತಾ ಅದು ಮುಗಿಯುವ ತನಕ ಗೇಟಿನಾಚೆ ಕಾಯುತ್ತಾರೆ.

ಮೊನ್ನೆ ಹಾಸನಕ್ಕೆ ಹೋಗಿದ್ದೆವು. ಡಾಕ್ಟರು ಹೊಸ ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟು, ತೂಕ ಇಳಿದಿದೆ, ಸಕ್ಕರೆ ಇಳಿದಿದೆ, ಏನು ಮಾಡ್ತಿದ್ದೀರಿ ಎಂದು ಕೇಳಿದರು.

ಯಜಮಾನರು ನನ್ನ ಕಡೆ ನೋಡದೆ ಹೇಳಿದರು, "ಕುದುರೆ ಸಾ."