ಹುಣಸೆಬೀಜಕ್ಕಾಗಿ ಲೋಕವೆಲ್ಲ ಹುಡುಕಿದ್ದು

ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯಲ್ಲಿ ಸಾರಿಗೆ ಹುಣಸೆಹಣ್ಣು ನೆನೆಸಿದವರೆಲ್ಲ ಬೀಜ ತೆಗೆದಿಟ್ಟು ನಮ್ಮತ್ತೆಗೆ ಕೊಡುತ್ತಿದ್ದ ಕಾಲವೊಂದಿತ್ತು. ಸೊಸೆ ಅದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆಂದು ಅತ್ತೆ ಬಿಲ್ಡಿಂಗಿಗೆಲ್ಲ ಡಂಗುರ ಹೊಡೆದಿದ್ದರು. ಬೀಜದ ಪುಡಿಯಿಂದ ಗಂಜಿ ಕಾಯಿಸಿ ಮಿಲ್ಲಿನ ನೂಲಿಗೆ ಹಚ್ಚಿ, ನೂಲು ಎಷ್ಟು ಗಟ್ಟಿಯಾಯಿತೆಂದು ನೋಡುವುದು ನನ್ನ ಸಂಶೋಧನೆ.

ಇದನ್ನು ಹಿಂದೆ ಯಾರೂ ಮಾಡಿಲ್ಲವೆಂದು ಮೊದಲು ಖಾತ್ರಿಯಾಗಬೇಕು ಎಂದರು ನಮ್ಮ ಗೈಡ್. ಲೋಕಲ್ ರೈಲು ಬದಲಿಸುತ್ತ ಲೈಬ್ರರಿಯಿಂದ ಲೈಬ್ರರಿಗೆ ಅಲೆದು, ಕ್ಯಾಟಲಾಗ್ ಕಾರ್ಡಿನ ಡ್ರಾಯರ್ ಎಳೆದೆಳೆದು ಸಾಕಾಗಿತ್ತು. ಅಷ್ಟರಲ್ಲಿ ಫೋರ್ಟ್ ಕಡೆ ಒಂದು ಮಾಹಿತಿ ಕೇಂದ್ರಕ್ಕೆ ಹೊಸ ಕಂಪ್ಯೂಟರ್ ಬಂತು. ಟೆಲಿಫೋನ್ ಲೈನಿನಲ್ಲಿ ಪರದೇಶದ ಎಷ್ಟೋ ಡೇಟಾಬೇಸುಗಳನ್ನು ಅದು ಒಟ್ಟಿಗೇ ಹುಡುಕುತ್ತದಂತೆ. ದೇವರ ಗುಡಿಯಂತೆ ಚಪ್ಪಲಿ ಹೊರಗೆ ಬಿಟ್ಟು ಏಸಿ ರೂಮಿಗೆ ಹೋದೆ. ಕೀಲಿಮಣೆ ನಾವು ಮುಟ್ಟುವಂತಿಲ್ಲ. ಅಲ್ಲಿಯ ಆಫೀಸರೇ ನನ್ನ ಪದಗಳನ್ನು ಟೈಪ್ ಮಾಡಿದರು. ಲೈನು ಎರಡು ಸಲ ಕಡಿದುಹೋಯಿತು. ಆಮೇಲೆ ಪರದೆಯ ಮೇಲೆ ಒಂದು ಸೊನ್ನೆ.

“ಸಬ್ ಏಕ್ ಸಾಥ್ ದೇಖ್ ಲಿಯಾ, ಮ್ಯಾಡಮ್. ಕುಛ್ ನಹೀ ಹೈ,” ಎಂದರು. ಎಲ್ಲ ಒಟ್ಟಿಗೇ ನೋಡಿಯಾಯಿತು, ಏನೂ ಇಲ್ಲ ಅಂತ.

ಸೊನ್ನೆ ನೋಡಿ ಅಷ್ಟು ಖುಷಿಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಲ್ಯಾಬಿಗೆಲ್ಲ ಪೇಡೆ ಹಂಚಿದೆ.

ವರ್ಷಗಟ್ಟಲೆ ಗಂಜಿ ಕಾಯಿಸಿದೆ. ಥೀಸಿಸ್ ಟೈಪಿಗೆ ಕೊಡುವ ಹೊತ್ತಿಗೆ, ಯಾವುದೋ ಪುಟಸಂಖ್ಯೆ ನೋಡಲೆಂದು ನಮ್ಮದೇ ಲೈಬ್ರರಿಯಲ್ಲಿ ಮಿಲ್ ಸಂಘವೊಂದರ ಹಳೆಯ ಬುಲೆಟಿನ್ ತೆಗೆದೆ. ಮುಂದಿನ ಪುಟದಲ್ಲೇ ಇತ್ತು: ಹುಣಸೆಬೀಜ, ಹತ್ತಿನೂಲು, ಅದೇ ಶಾಖ, ಅದೇ ಪರೀಕ್ಷೆ. ಕೋಷ್ಟಕಗಳಂತೂ ನನ್ನವಕ್ಕಿಂತ ಚೆನ್ನಾಗಿದ್ದವು. ಪರೇಲಿನ ಮಿಲ್ಲೊಂದರಲ್ಲಿ, ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಮಾಡಿದ ಕೆಲಸ. ಆ ಬುಲೆಟಿನ್ನನ್ನು ಯಾವ ಡೇಟಾಬೇಸಿಗೂ ಯಾರೂ ಸೇರಿಸಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಸಮುದ್ರದಾಚೆಯೂ ಹುಡುಕಿಸಿದ್ದೆ. ಬುಲೆಟಿನ್ ಇದ್ದದ್ದು ನಾನು ದಿನಾ ಕೂರುತ್ತಿದ್ದ ಕುರ್ಚಿಯ ಹಿಂದಿನ ಕಪಾಟಿನಲ್ಲಿ.

ಗೈಡ್ ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿದರು. ವಿಷಯ ಬದಲಿಸಬೇಕು, ಆದರೆ ತಿಂಗಳ ಕೊನೆಗೆ ತಮ್ಮ ರಿಟೈರ್‌ಮೆಂಟು, ಬೇರೆ ಗೈಡ್ ನೋಡಿಕೊಳ್ಳಬೇಕು ಎಂದರು. ಬೈದಿದ್ದರೆ ನಾನೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಲೋಕಲ್‌ನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಡಬ್ಬಿ ತಂದು ಎದುರಿಗಿಟ್ಟರು.

“ಈ ಸಲ ಬೀಜ ಜಾಸ್ತಿ ಬಂದಿದೆ ಕಣೆ. ಹಿಂದಿನ ಬಿಲ್ಡಿಂಗಿನೋರೂ ಕೊಟ್ರು. ತೊಳೆದು ಒಣಗಿಸಿದೀನಿ, ಸಾಕಾಗತ್ತಾ?”

“ಸಾಕಮ್ಮ,” ಎಂದೆ. ಥೀಸಿಸ್ ಬಿದ್ದುಹೋದದ್ದನ್ನು ಹೇಳದೆ ಡಬ್ಬಿ ಒಳಗಿಟ್ಟೆ. ಮುಂದಿನ ತಿಂಗಳೂ ಡಬ್ಬಿ ತುಂಬಿತು.