ಹುಳು ಮನೆಗೆ ಬಂದ ಮಿಷನ್ನು

ಮಿಷನ್ನು ಕೆಟ್ಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು, ನಡೆದದ್ದು ಅಷ್ಟೇ. ಸುಟ್ಟುಹೋಯಿತು ಎಂದು ಕೋಡಿಹಳ್ಳಿವರೆಗೂ ಹೇಳಿಕೊಂಡು ಬಂದವನು ನನ್ನ ಮಗ. ಅವನನ್ನು ನಂಬಬೇಡಿ. ಪಂಪಿನ ಫ್ಯೂಸು ಹೋದರೂ ಮೋಟರೇ ಹೋಯಿತೆಂದು ಸಾರುವವನು.

ಅವನ ಮಗಳು ಪವಿತ್ರ ಕನಕಪುರದಲ್ಲಿ ಡಿಪ್ಲೊಮಾ ಓದುತ್ತಾಳೆ. ಅವಳೂ ಗೆಳತಿ ನಗ್ಮಾಳೂ ಸೇರಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ರೋಬೋಟು ಮಾಡಿದ್ದರು. ರೋಬೋಟು ಎಂದರೆ ಕೈಕಾಲು ಇರುತ್ತದೆ ಎಂದುಕೊಂಡು ನಾನು ಒಳ್ಳೆಯ ಸೀರೆ ಉಟ್ಟು ಕಾದಿದ್ದೆ. ಬಂದದ್ದು ಎರಡು ಕಬ್ಬಿಣದ ಕಂಬ, ನಡುವೆ ಬೆಲ್ಟಿಗೆ ತಗುಲಿಸಿದ ಒಂದು ಡಬ್ಬ. ಮೋಟರು ತಿರುಗಿದಾಗ ಡಬ್ಬ ಹುಳು ಸಾಕುವ ಬಿದಿರು ತಟ್ಟೆಯತ್ತ ಇಳಿಯಬೇಕು, ತಳ ತೆರೆದು ಸೊಪ್ಪು ಉದುರಿಸಬೇಕು, ಮತ್ತೆ ಮೇಲೆ ಹೋಗಬೇಕು. ನಿಜವಾದ ಹುಳು ಮನೆಯಲ್ಲಿ ನಡೆಸಿ ತೋರಿಸಿದರೇನೇ ಒಪ್ಪುತ್ತೇನೆ ಎಂದು ಅವರ ಮೇಷ್ಟರು ಹೇಳಿದ್ದರಂತೆ. ಹುಳು ಮನೆ ಇರುವುದು ನನ್ನದು.

ಮೊದಲು ಖಾಲಿ ತಟ್ಟೆ ಇಟ್ಟು ನೋಡಿದೆವು. ಡಬ್ಬ ಇಳಿಯಿತು, ತಟ್ಟೆಗೆ ತಾಗಿತು, ಇನ್ನೂ ಇಳಿಯಿತು. ಬಿದಿರಿನ ಅಂಚು ಲಟಕ್ಕನೆ ಮುರಿಯಿತು. ಮೋಟರಿಗೆ ತಿರುಗುವುದು ಗೊತ್ತು, ತಲುಪಿದ್ದು ಗೊತ್ತಾಗುವುದಿಲ್ಲ. ನಮ್ಮ ನೆಂಟರಲ್ಲೂ ಅಂಥವರಿದ್ದಾರೆ. ಅಡುಗೆಮನೆಯಲ್ಲಿ ನಾನೂ ಅದೇ ಪೈಕಿ. ಉಣ್ಣುವವರು ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುತ್ತೇನೆ.

"ಒಂದು ಹುಳ ಸತ್ರೂ ಇದನ್ನ ಆಚೆಗಾಕ್ತೀನಿ, ಆಮೇಲೆ ಕೇಳಕ್ಕೆ ಬರ್ಬೇಡಿ" ಎಂದೆ. ನಾಲ್ಕನೇ ಜ್ವರ ಎದ್ದ ಹುಳು, ಇನ್ನೇನು ಗೂಡು ಕಟ್ಟುವ ಹೊತ್ತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವುದಕ್ಕೆ ನಾವು ಇಟ್ಟ ಹೆಸರು. ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಕೂತುಬಿಡುತ್ತದೆ. ಎಂಥ ಎಳೆ ಸೊಪ್ಪನ್ನು ಮುಂದಿಟ್ಟರೂ ಬಾಯಿ ಹಾಕುವುದಿಲ್ಲ. ಪೊರೆ ಕಳಚಿತೋ, ತಾನಾಗಿ ಮತ್ತೆ ಮೇಯುತ್ತದೆ. ಇಷ್ಟು ವರ್ಷ ಸಾಕಿದ್ದೇನೆ, ಅದಕ್ಕೆ ಯಾರು ಹೇಳುತ್ತಾರೆಂದು ನನಗೆ ತಿಳಿದಿಲ್ಲ. ತಿಳಿದವರು ಸಿಕ್ಕಿಯೂ ಇಲ್ಲ.

ಹುಡುಗಿಯರು ಕಂಬಕ್ಕೆ ಕೆಳಗೊಂದು ಮೇಲೊಂದು ಲಿಮಿಟ್ ಸ್ವಿಚ್ಚು ಕೂರಿಸಿದರು. ಹುಣಸೆ ಬೀಜಕ್ಕಿಂತ ಒಂದಿಷ್ಟು ದೊಡ್ಡದು, ಅದಕ್ಕೊಂದು ತಗಡಿನ ನಾಲಿಗೆ. ಡಬ್ಬ ಬಂದು ನಾಲಿಗೆ ಒತ್ತಿದರೆ ಸುದ್ದಿ ಒಂದು ಪುಟ್ಟ ಬೋರ್ಡಿಗೆ ಹೋಗುತ್ತದೆ. ಆಗ ಮೋಟರು ಏನು ಮಾಡಬೇಕೆಂದು ಪವಿತ್ರ ಲ್ಯಾಪ್‌ಟಾಪಿನಲ್ಲಿ ಬರೆದು ಆ ಬೋರ್ಡಿಗೆ ತುಂಬಿದ್ದಳು. ಬಿದಿರು ಮುರಿದ ಮೋಟರನ್ನು ಈ ನಾಲಿಗೆ ತಡೆಯುವುದೇ ಎಂದು ನನಗೆ ನಗು.

ಅಟ್ಟಣೆಯಿಂದ ಹುಳು ತುಂಬಿದ ಕೆಳಗಿನ ತಟ್ಟೆಯೊಂದನ್ನು ಮಾತ್ರ ತೆಗೆದು ಮಿಷನ್ನಿಗೆ ಬಿಟ್ಟುಕೊಟ್ಟೆ. ಡಬ್ಬ ಇಳಿಯಿತು. ಟಕ್ ಎಂದಿತು, ಹುಳುವಿನ ಬೆನ್ನಿಗೆ ನಾಲ್ಕು ಬೆರಳು ಮೇಲೆ ನಿಂತುಬಿಟ್ಟಿತು. ಮೋಟರಿನ ಸದ್ದು ಅಡಗಿದ್ದೇ ಹುಳು ಮೇಯುವ ಚರಚರ ಕೇಳಿಸಿತು. ಅಷ್ಟು ಬಲ, ಅಷ್ಟು ಸಣ್ಣ ನಾಲಿಗೆಯ ಮಾತು ಕೇಳಿತ್ತು. ತಳ ತೆರೆಯಿತು, ಸೊಪ್ಪು ಬಿತ್ತು.

ಆಮೇಲೆ ಡಬ್ಬ ಮೇಲೇಳಲಿಲ್ಲ. ಪವಿತ್ರ ಏನು ಒತ್ತಿದರೂ ಇಲ್ಲ. ಗೇರಿನ ಮೋಟರು, ಕೈಯಲ್ಲಿ ಎತ್ತಿದರೂ ಬರುವುದಲ್ಲ. ಹುಳುಗಳು ಹೊಸ ಸೊಪ್ಪು ಹತ್ತಿ ಡಬ್ಬದ ಬಾಗಿಲಿನವರೆಗೂ ತಲೆ ಚಾಚುತ್ತಿದ್ದವು. "ಸುಟ್ಟೋಯ್ತು ಕಣವ್ವ" ಎನ್ನುತ್ತ ಮಗ ಸ್ಪ್ಯಾನರ್ ತಂದ. ಬೋಲ್ಟು ಬಿಚ್ಚಿದರೆ ಡಬ್ಬ ಬೀಳುವುದು ಹುಳುವಿನ ಮೇಲೆಯೇ.

"ಅಪ್ಪ, ಮುಟ್ಬೇಡ. ಒಸಿ ನಿಂತ್ಕೊ" ಎಂದು ಪವಿತ್ರ ನೆಲದಲ್ಲೇ ಕೂತು ತಾನು ಬರೆದದ್ದನ್ನು ಮೊದಲಿನಿಂದ ಓದಿದಳು. ನಗ್ಮಾ ಬಗ್ಗಿ ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಪವಿತ್ರ ಹಣೆ ಹಣೆ ಚಚ್ಚಿಕೊಂಡಳು.

"ಅಜ್ಜಿ, ಅದು ಸರಿಯಾಗೇ ಐತೆ. ನಾಲ್ಗೆ ಒತ್ತಿರೋವರ್ಗೂ ನಿಂತಿರು ಅಂತ ನಾನೇ ಬರ್ದ್ಬುಟ್ಟಿವ್ನಿ. ಈಗ ಒತ್ಕೊಂಡೇ ಐತಲ್ಲ, ನಿಂತೇ ಐತೆ. ಕೆಳಕ್ಕೋಗೋದು ನಿಲ್ಸು, ಮೇಲಕ್ಕೋಗೋದು ಬುಡು ಅಂತ ಬರೀಬೇಕಾಗಿತ್ತು."

ಆ ಸಾಲು ತಿದ್ದಿ ಮತ್ತೆ ಬೋರ್ಡಿಗೆ ತುಂಬಿದಳು. ಡಬ್ಬ ನಿಧಾನಕ್ಕೆ ಎದ್ದು ಮೇಲೆ ಹೋಯಿತು, ಮೇಲಿನ ನಾಲಿಗೆ ಮುಟ್ಟಿ ನಿಂತಿತು. ಸ್ಪ್ಯಾನರ್ ಹಿಡಿದ ಮಗ ಮಾತ್ರ ನಿಂತ ಕಡೆಯೇ ಇದ್ದ.

ನಾನು ಅಂದೆಲ್ಲ ಅದನ್ನೇ ಯೋಚಿಸಿದೆ. ನಿಲ್ಲು ಎಂದು ದನಕ್ಕೆ, ಮಕ್ಕಳಿಗೆ, ಗಂಡನಿಗೆ ಬೇಕಾದಷ್ಟು ಹೇಳಿದ್ದೇನೆ. ಅದು ಅರ್ಧ ಮಾತಂತೆ. ಯಾವ ಕಡೆಗೆ ಹೋಗುವುದನ್ನು ನಿಲ್ಲಿಸಬೇಕು, ಯಾವ ದಾರಿ ಬಿಟ್ಟಿದೆ ಎಂದೂ ಹೇಳಬೇಕಂತೆ. ಇಲ್ಲದಿದ್ದರೆ ನಿಂತದ್ದು ನಿಂತೇ ಇರುತ್ತದೆ. ಮೊಮ್ಮಗಳು ಓದಿ, ತಪ್ಪಿ, ತಿದ್ದಿ ಕಲಿತಳು. ಜ್ವರಕ್ಕೆ ಕೂತ ಹುಳುವಿಗೆ ಆ ಇನ್ನರ್ಧ ಮಾತನ್ನು ಬರೆದುಕೊಟ್ಟವರು ಯಾರು? ಅದೂ ಒಂದು ಸಲವೂ ತಪ್ಪದ ಹಾಗೆ?

ಮಾರನೆಯ ಬೆಳಿಗ್ಗೆ ಎದ್ದವಳೇ ಕೆಳಗಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಹುಳುವೂ ಸತ್ತಿರಲಿಲ್ಲ. ಮಿಷನ್ನನ್ನು ಆಚೆಗೆ ಹಾಕಲಿಲ್ಲ; ಅಟ್ಟಣೆಯ ಮೇಲಿನ ತಟ್ಟೆಯನ್ನೂ ಅದಕ್ಕೇ ಬಿಟ್ಟೆ. ಆಮೇಲೆ ರೊಟ್ಟಿ ತಟ್ಟಲು ಕೂತೆ. ಎರಡು ತಿಂದು ಪವಿತ್ರ ತಟ್ಟೆಗೆ ಕೈ ಅಡ್ಡ ಹಿಡಿದಳು. ಮೂರನೆಯದನ್ನು ಹಿಡಿದ ನನ್ನ ಕೈ ಅವಳ ಬೆರಳಿಗೆ ತಾಗಿತು, ನಿಂತಿತು. ಅವಳು ಗಾಬರಿಯಾಗಿ, "ಯಾಕಜ್ಜಿ, ಮೈಗೆ ಉಸಾರಿಲ್ವಾ?" ಎಂದಳು. ಹುಷಾರಾಗಿದ್ದೇನೆ ಎಂದು ರೊಟ್ಟಿಯನ್ನು ಅವಳಪ್ಪನ ತಟ್ಟೆಗೆ ಹಾಕಿದೆ. ಅವನಿನ್ನೂ ಕೈ ಅಡ್ಡ ಹಿಡಿದಿರಲಿಲ್ಲ.